ಬಾವಿ ಮನೆಯ ತಿಳಿ ಸೀಸೆ

ಆ ಬಾವಿಯಿಂದ ನೀರು ಸೇದಿದವನು ನಾನೇ ಎಂದು ಬಹಳ ದಿನ ನಂಬಿದ್ದೆ. ರಾಟೆ ಕಿರುಗುಟ್ಟಿದ್ದು, ಹಗ್ಗ ಅಂಗೈಯನ್ನು ತರಚಿದ್ದು, ಬಿಂದಿಗೆಯ ಅಂಚಿನಿಂದ ತುಳುಕಿದ ನೀರಿಗೆ ಚಪ್ಪಲಿ ನೆನೆದದ್ದು, ಎಲ್ಲವೂ ನನ್ನ ನೆನಪಿನಲ್ಲಿದೆ. ತೊಂದರೆಯೇನೆಂದರೆ ಆ ಬಾವಿಗೆ ರಾಟೆಯೇ ಇಲ್ಲ.

ಶಿಡ್ಲಘಟ್ಟದಲ್ಲಿ ನಾವಿರುವ ಬಾಡಿಗೆ ಮನೆಯಿಂದ ಎರಡು ಬೀದಿ ದಾಟಿದರೆ ಒಂದು ಕಾಲುವೆ ಸಿಗುತ್ತದೆ. ಮೇಲಿನ ಕೆರೆ ತುಂಬಿದಾಗ ಕೋಡಿಯ ನೀರನ್ನು ಕೆಳಗಿನ ಕೆರೆಗೆ ಒಯ್ಯಲೆಂದು ಹಿಂದಿನವರು ತೋಡಿದ್ದು. ನಮ್ಮ ಸೀಮೆಯಲ್ಲಿ ಮಳೆ ಯಾವಾಗ ಬರುತ್ತದೋ ಆಗ ಮಾತ್ರ ಹರಿಯಬೇಕಾದ ಕಾಲುವೆ ಅದು. ಈಗ ಅದು ಏಪ್ರಿಲ್ ತಿಂಗಳಲ್ಲೂ ಹರಿಯುತ್ತದೆ. ಬಿಸಿಲಿಗೆ ಹೊಲಗಳೆಲ್ಲ ಬಿರುಕು ಬಿಟ್ಟಿರುವಾಗ, ಒಂದೇ ಒಂದು ದಿನವೂ ನಿಲ್ಲದೆ, ಸದ್ದಿಲ್ಲದೆ ಹರಿಯುವ ನೀರನ್ನು ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ಬೀದಿಯವರಿಗೆ ಬಂದದ್ದು ವಾಸನೆಯ ಮೇಲಿನ ಸಿಟ್ಟು ಮಾತ್ರ. ಆ ಸಿಟ್ಟು ನೇರವಾಗಿ ಹೋಗುತ್ತಿದ್ದದ್ದು ನನ್ನ ಗೆಳೆಯರೊಬ್ಬರ ಮೇಲೆ.

ಅವರು ರೇಷ್ಮೆ ರೀಲರು. ಕಾಲುವೆಯ ಪಕ್ಕದಲ್ಲೇ ಅವರ ಶೆಡ್ಡು. ಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳದ ವಾಸನೆ ಈ ಊರಿನಲ್ಲಿ ಹುಟ್ಟಿದವರಿಗೆ ವಾಸನೆಯೇ ಅಲ್ಲ. ಹೊರಗಿನಿಂದ ಬಂದ ನನಗೆ ಅಭ್ಯಾಸವಾಗಲು ಒಂದು ವರ್ಷ ಹಿಡಿಯಿತು. ಕಾಲುವೆ ನಾರಿದರೆ ಎಲ್ಲರೂ ಆ ಹುಳದ ಕಡೆಗೆ ಬೆರಳು ತೋರಿಸುತ್ತಿದ್ದರು. ಒಂದು ಸಂಜೆ ಅವರು ನಮ್ಮ ಮನೆಗೆ ಬಂದು ಕೂತು, ಕಾಫಿ ಮುಗಿಸಿ, ವಿಷಯಕ್ಕೆ ಬಂದರು. 

"ಮೇಷ್ಟ್ರೆ, ಬೀದಿಯೋರೆಲ್ಲ ಬೆಳಿಗ್ಗೆ ಎದ್ದು ಹಗುರ ಆಗಿ ಬರ್ತಾರೆ, ಆಮೇಲೆ ವಾಸನೆ ಬಂತು ಅಂತ ನನ್ನ ಹುಳದ ಮೇಲೆ ಕೇಸ್ ಹಾಕ್ತಾರೆ. ನೀವು ಕೆಮಿಸ್ಟ್ರಿ ಓದಿದೋರು. ಯಾರದ್ದು ಏನು ಅಂತ ಒಂದು ಸಲ ಹೇಳಿಬಿಡಿ."

ಕೆಮಿಸ್ಟ್ರಿ ಓದಿದ್ದು ನಿಜ. ಬೆಂಗಳೂರಿನಲ್ಲಿ ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟದ್ದೂ ನಿಜ. ಆಮೇಲೆ ಗೌರಿಬಿದನೂರಿನ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಎರಡು ವರ್ಷ, ಚಿಂತಾಮಣಿಯಲ್ಲಿ ಟ್ಯೂಷನ್ ಒಂದು ವರ್ಷ, ಈಗ ಚಿಕ್ಕಬಳ್ಳಾಪುರದ ಹತ್ತಿರ ಒಂದು ಕಾಲೇಜಿನಲ್ಲಿ ಪಾಠ. ಎಲ್ಲೂ ಕೂರಲಾಗದವನು ಎಂದು ಹೆಂಡತಿ ಹೇಳುತ್ತಾಳೆ. ಯಾರಾದರೂ ಏನಾದರೂ ಖಚಿತವಾಗಿ ಹೇಳಿದರೆ ನನಗೆ ಅದನ್ನು ಬಿಚ್ಚಿ ನೋಡದೆ ಸಮಾಧಾನವಿಲ್ಲ. ಒಪ್ಪಿಕೊಂಡೆ.

ಪರೀಕ್ಷೆ ದೊಡ್ಡದೇನಲ್ಲ. ಹೆಬ್ಬೆರಳಿನ ಗಾತ್ರದ ಗಾಜಿನ ಸೀಸೆ, ಒಳಗೆ ಒಂದು ಪುಡಿ. ಗೆರೆಯವರೆಗೆ ನೀರು ತುಂಬಿ ಮುಚ್ಚಳ ಬಿಗಿದು ಬೆಚ್ಚಗಿನ ಜಾಗದಲ್ಲಿ ಇಡಬೇಕು. ನೀರು ಮೊದಲು ತಿಳಿ ಚಹಾದ ಬಣ್ಣದಲ್ಲಿರುತ್ತದೆ. ಒಂದು ಅಥವಾ ಎರಡು ದಿನದಲ್ಲಿ ಕಪ್ಪಾದರೆ ಅದರಲ್ಲಿ ಮಲದ ಸೋಂಕು ಇದೆ ಎಂದು ತಿಳಿಯಬೇಕು; ಬಣ್ಣ ಬದಲಾಗದಿದ್ದರೆ ಸದ್ಯಕ್ಕೆ ಪರವಾಗಿಲ್ಲ. ಸತ್ತ ರೇಷ್ಮೆ ಹುಳಕ್ಕೆ ಅದು ಕಪ್ಪಾಗುತ್ತದೋ ಇಲ್ಲವೋ ಎಂದು ಮೊದಲು ಗೆಳೆಯರ ಶೆಡ್ಡಿನ ಬಿಸಿ ನೀರನ್ನೇ ತುಂಬಿ ನೋಡಿದೆವು. ಕಪ್ಪಾಗಲಿಲ್ಲ. ಒಂದೇ ಸೀಸೆಯಿಂದ ಏನನ್ನೂ ಹೇಳಲಾಗದು ಎಂದೆ. ಅವರು ಆ ಸೀಸೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು.

ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಡುತ್ತಿದ್ದೆವು. ಕಾಲುವೆ ಊರಿಗೆ ಬರುವ ಜಾಗ, ಎರಡು ಮೋರಿ ಬಂದು ಸೇರುವ ಕಡೆ, ಸೇತುವೆಯ ಕೆಳಗೆ, ಶೆಡ್ಡಿನ ಹಿಂದೆ, ಕಡೆಗೆ ಕೆರೆಯಂಗಳ. ಕೋಲಿಗೆ ಕಟ್ಟಿದ ಮಗ್ಗಿನಲ್ಲಿ ನಾನು ನೀರೆತ್ತುವುದು, ಅವರು ನೋಟ್‌ಬುಕ್ಕಿನಲ್ಲಿ ಬರೆಯುವುದು. ಬೀದಿಯವರು ಜಗಲಿಯ ಮೇಲೆ ಹಲ್ಲುಜ್ಜುತ್ತ ನೋಡುತ್ತಿದ್ದರು. ಮೀನು ಸಿಕ್ತಾ ಸಾರ್ ಎಂದು ಕೇಳಿದವರಿದ್ದರು. ಬೆಂಗಳೂರಿನಿಂದ ಶುದ್ಧ ಮಾಡಿ ಬಿಟ್ಟ ಕೊಳಚೆ ನೀರು ನಮ್ಮ ಕಡೆಯ ಕೆರೆಗಳಿಗೆ ಬರತೊಡಗಿದ ಮೇಲೆ ನೀರಿನ ವಿಷಯದಲ್ಲಿ ಏನೇ ಆದರೂ ಅದಕ್ಕೇ ಅಂಟಿಸುವವರೂ ಇದ್ದರು. ಆ ನೀರಿಗೂ ಈ ಕಾಲುವೆಗೂ ಸಂಬಂಧವೇ ಇಲ್ಲ, ಇದು ಬೀದಿಯ ಮನೆಗಳಿಂದಲೇ ಹೊರಟದ್ದು ಎಂದು ಹೇಳಿದರೆ ಬಾಯಿಯ ನೊರೆಯನ್ನು ಅದೇ ಕಾಲುವೆಗೆ ಉಗಿದು ಒಳಗೆ ಹೋಗುತ್ತಿದ್ದರು.

ಸೀಸೆಗಳನ್ನು ನಮ್ಮ ಮನೆಯ ಪೂರ್ವದ ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದೆ. ಸೋಮವಾರ ಕಾಲೇಜಿನಿಂದ ಬರುವಷ್ಟರಲ್ಲಿ ಅವು ಕಪ್ಪಾಗಿರುತ್ತಿದ್ದವು. ಮಸಿಯಂಥ ಕಪ್ಪು, ಬೆಳಕಿಗೆ ಹಿಡಿದರೂ ಆಚೆ ಏನೂ ಕಾಣದ ಕಪ್ಪು. ಹೆಂಡತಿ ಆ ಕಿಟಕಿಯ ಪರದೆಯನ್ನು ಎಳೆದೇ ಇಡುತ್ತಿದ್ದಳು. ಮನೆಗೆ ಬಂದ ಅವಳ ಶಾಲೆಯ ಟೀಚರೊಬ್ಬರು ಅದೇನು ಆಯುರ್ವೇದವೇ ಎಂದು ಕೇಳಿದ್ದರಂತೆ.

ಆ ಸಾಲಿನಲ್ಲಿ ಒಂದೇ ಒಂದು ಸೀಸೆ ವಾರವಾರವೂ ತಿಳಿಯಾಗಿ ಉಳಿಯುತ್ತಿತ್ತು. ಅದು ಬಾವಿ ಮನೆಯದು.

ಬಾವಿ ಮನೆ ಎಂದರೆ ಕಾಲುವೆಯಿಂದ ಇಪ್ಪತ್ತು ಹೆಜ್ಜೆ ದೂರದ ಒಂದು ಹೆಂಚಿನ ಮನೆ. ಅದರ ಹಿತ್ತಿಲಲ್ಲಿ ಆ ಬೀದಿಯ ಹಳೆಯ ಬಾವಿಯಿತ್ತು. ನಮ್ಮಲ್ಲಿ ಬೋರ್‌ವೆಲ್ ನೀರಿಗೆ ಬೇಳೆ ಬೇಯುವುದಿಲ್ಲ, ಹಲ್ಲಿಗೆ ಕಲೆ ಕೂರುತ್ತದೆ. ಅದಕ್ಕಾಗಿ ಕುಡಿಯಲು ಎಲ್ಲರೂ ಫಿಲ್ಟರ್ ನೀರಿನ ಕ್ಯಾನ್ ತರುತ್ತಾರೆ. ಈ ಬಾವಿಯ ನೀರು ಮಾತ್ರ ಮೊದಲಿನಿಂದಲೂ ಸಿಹಿ ಎಂದು ಹೆಸರಾಗಿತ್ತು. ಕಾಲುವೆ ಕೆಟ್ಟ ಮೇಲೆ ಮನೆಯವರು ಅದನ್ನು ಕುಡಿಯುವುದು ಬಿಟ್ಟು ಪಾತ್ರೆಗೆ, ಬಟ್ಟೆಗೆ ಇಟ್ಟುಕೊಂಡಿದ್ದರು. ಮನೆಯಲ್ಲಿ ಇಬ್ಬರೇ. ಒಬ್ಬಾಕೆ ಗೆಳೆಯರ ಶೆಡ್ಡಿನಲ್ಲಿ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದಾಕೆ, ಐವತ್ತರ ಹತ್ತಿರದವರು. ಬಿಸಿ ನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಇನ್ನೊಬ್ಬರು ಅವರ ಅತ್ತೆ, ತುಂಬ ವಯಸ್ಸಾದ ಅಜ್ಜಿ, ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುವವರು. ಭಾನುವಾರವೂ ಶೆಡ್ಡು ನಡೆಯುತ್ತಿದ್ದುದರಿಂದ ನಾವು ಹೋದಾಗ ಸೊಸೆ ಕೆಲಸದಲ್ಲಿರುತ್ತಿದ್ದರು. ನಮಗೆ ಸಿಗುತ್ತಿದ್ದವರು ಅಜ್ಜಿ.

ಬಾವಿ ನೀರು ಬೇಕಜ್ಜಿ, ಸ್ವಲ್ಪ ಸಾಕು ಎನ್ನುತ್ತಿದ್ದೆ. ಅಜ್ಜಿ ತಲೆಯಾಡಿಸಿ ಒಳಗೆ ಹೋಗಿ, ತಿಕ್ಕಿ ತೊಳೆದ ಸ್ಟೀಲ್ ಚೊಂಬಿನಲ್ಲಿ ನೀರು ತಂದುಕೊಡುತ್ತಿದ್ದರು. ನಾನು ಸೀಸೆ ತುಂಬಿಕೊಂಡು ಮಿಕ್ಕಿದ್ದನ್ನು ಗುಟುಕರಿಸುತ್ತಿದ್ದೆ. ಕುಡಿಯಬಾರದಿತ್ತು, ಆದರೆ ಅಷ್ಟು ಹೊತ್ತಿಗೆ ಬಿಸಿಲೇರಿರುತ್ತಿತ್ತು, ಮತ್ತು ಹಿಂದಿನ ವಾರದ ಸೀಸೆ ತಿಳಿಯಾಗಿತ್ತಲ್ಲ.

ನಾನು ಅನುಮಾನಿಸಬೇಕಾಗಿದ್ದದ್ದು ಆ ತಿಳಿಯನ್ನು. ಎಲ್ಲ ಕಪ್ಪಾಗಿರುವ ಕಡೆ ಒಂದು ಮಾತ್ರ ತಿಳಿಯಾಗಿದ್ದರೆ ಅಲ್ಲೇ ಏನೋ ತಪ್ಪಿದೆ ಎಂದು ನಾನೇ ಹುಡುಗರಿಗೆ ಪಾಠ ಮಾಡುತ್ತೇನೆ. ಆದರೆ ಆ ಬಾವಿ ಉಳಿದುಕೊಂಡಿದೆ ಎಂಬುದು ನನಗೆ ಹಿತವಾಗಿತ್ತು. ಕಾಲುವೆಗೂ ಬಾವಿಗೂ ನಡುವೆ ಬಂಡೆ ಇರಬೇಕು, ಮಣ್ಣು ಸೋಸುತ್ತಿರಬೇಕು ಎಂದು ಒಂದು ಸಿದ್ಧಾಂತ ಕಟ್ಟಿದೆ. ಚಹಾದಂಗಡಿಯಲ್ಲಿ ಪೇಪರಿನ ಮೇಲೆ ಚಿತ್ರ ಬಿಡಿಸಿ ಗೆಳೆಯರಿಗೆ ವಿವರಿಸಿದ್ದೂ ಉಂಟು. ಅವರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಬಂಡೆ ಇರೋದು ನಿಮಗೆ ಹೆಂಗೆ ಗೊತ್ತು ಎಂದರು. ಇಲ್ಲದಿದ್ರೆ ನೀರು ತಿಳಿಯಾಗಿ ಹೇಗಿರತ್ತೆ ಎಂದೆ. ಹತ್ತೊಂಬತ್ತು ವರ್ಷದ ಹುಡುಗ ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಬಾವಿ ಮನೆಯ ಸೊಸೆಯ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಗೌರಿಬಿದನೂರಿಗೆ ಕೊಟ್ಟಿದ್ದರು. ಮೊದಲ ಬಸಿರು, ಆಗಷ್ಟೇ ಏಳನೇ ತಿಂಗಳು. ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಗೆಳೆಯರ ಜೊತೆ ಮಾತಾಡುತ್ತಿದ್ದೆ. ಮಗಳ ತಾಯಿ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಸಾರ್, ಮಗಳು ಬಂದವ್ಳೆ. ಕ್ಯಾನ್ ನೀರು ಕುಡಿದ್ರೆ ವಾಕರಿಕೆ ಅಂತಾಳೆ. ಚಿಕ್ಕೋಳಿದ್ದಾಗ ಕುಡಿದ ಬಾವಿ ನೀರೇ ಬೇಕಂತೆ. ಕೊಡಬಹುದಾ?"

"ಧಾರಾಳವಾಗಿ ಕೊಡಿಯಮ್ಮ," ಎಂದೆ. "ಈ ಬೀದೀಲಿ ನಂಬಬಹುದಾದ ನೀರು ಅಂದ್ರೆ ಅದೊಂದೇ."

ಕಾಯಿಸಿ ಆರಿಸಿ ಕೊಡಿ ಎಂದೂ ಹೇಳಿದ್ದೆ ಎಂದು ನನ್ನ ನೆನಪು. ಹೇಳಲಿಲ್ಲ ಎಂದು ಗೆಳೆಯರ ನೆನಪು. ಆಗ ಅವರಿಗೆ ಸುಳ್ಳು ಹೇಳುವ ಕಾರಣ ಇರಲಿಲ್ಲ, ನನಗೆ ಇತ್ತು. ಹಾಗಾಗಿ ಅವರದ್ದೇ ಸರಿ ಇರಬೇಕು.

ಆಮೇಲೆ ಆರೇಳು ವಾರ ಏನೂ ಆಗಲಿಲ್ಲ. ಬಿಸಿಲು ಹೆಚ್ಚಿತು. ಕಾಲುವೆಯಲ್ಲಿ ನೀರು ಕಡಿಮೆಯಾಗಿ ಮಂದವಾಯಿತು, ಮೇಲೆ ಬೂದು ಬಣ್ಣದ ಕೆನೆ ಕಟ್ಟಿತು. ಸೀಸೆಗಳು ಮೊದಲಿಗಿಂತ ಬೇಗ ಕಪ್ಪಾಗತೊಡಗಿದವು. ಭಾನುವಾರ ಬೆಳಿಗ್ಗೆ ತುಂಬಿದ್ದು ಅದೇ ಸಂಜೆಗೆ ಮಬ್ಬಾಗಿರುತ್ತಿತ್ತು. ಅಕ್ಕಪಕ್ಕದ ಬೀದಿಗಳ ಬಾವಿಗಳ ನೀರು ತಳಕ್ಕೆ ಇಳಿಯಿತು. ಬಾವಿ ಮನೆಯ ಬಾವಿಯಲ್ಲಿ ಮಾತ್ರ ನೀರು ಇಳಿಯಲಿಲ್ಲ ಎಂದು ಅಜ್ಜಿ ಒಮ್ಮೆ ಹೆಮ್ಮೆಯಿಂದ ಹೇಳಿದರು. ಬೇಸಿಗೆಯಲ್ಲೂ ಇಳಿಯದ ನೀರು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಆಗಲೂ ನನಗೆ ಹೊಳೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ವಾರವೂ "ತಿಳಿ" ಎಂದು ಬರೆಸಿದೆ. ಹಿತ್ತಿಲ ಕಡೆಯ ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದ್ದು ಅದೇ ದಿನ. ತುಂಬಿದ ಹೊಟ್ಟೆ, ಮುಖದ ತುಂಬ ಅರಿಶಿನ. ಸೀಮಂತ ಆದಾಗಿನಿಂದ ಅಜ್ಜಿ ದಿನಾ ಹಚ್ಚಿಸುತ್ತಿದ್ದರಂತೆ. ಅವಳು ಬಾಗಿಲಿಗೆ ಒರಗಿ ನಿಂತ ರೀತಿಯಲ್ಲಿ ಒಂದು ಆಯಾಸವಿತ್ತು. ಈ ಸೆಕೆಗೆ ಹೊಟ್ಟೆ ಹೊತ್ತವರು ಹಾಗೇ ಇರುತ್ತಾರೆ ಎಂದುಕೊಂಡೆ.

ಮುಂದಿನ ಭಾನುವಾರ ಅಜ್ಜಿ ಚೊಂಬು ತರಲಿಲ್ಲ. ಬಾಗಿಲಲ್ಲೇ ನಿಂತು, ಇವತ್ತು ನೀರಿಲ್ಲಪ್ಪ, ಟೀ ಮಾಡ್ತೀನಿ ಕುಡಿದು ಹೋಗಿ ಎಂದರು. 

ಬಾವಿಯಲ್ಲಿ ನೀರಿಲ್ಲವೇ ಎಂದು ಕೇಳಿದೆ. 

ಬಾವಿ ತುಂಬ ಐತೆ, ಕ್ಯಾನ್ ಬಂದಿಲ್ಲ, ಫಿಲ್ಟರ್ ಮಿಷಿನ್ ಎರಡು ದಿನದಿಂದ ಕೆಟ್ಟೈತಂತೆ ಎಂದರು.

ಗೆಳೆಯರು ನನ್ನ ಮುಖ ನೋಡಿದರು. ನಾನು ಮೆಲ್ಲಗೆ, ನೀವು ವಾರವಾರ ನಮಗೆ ಕೊಡ್ತಿದ್ದ ನೀರು ಯಾವುದಜ್ಜಿ ಎಂದು ಕೇಳಿದೆ. ಅಜ್ಜಿಗೆ ಆ ಪ್ರಶ್ನೆಯೇ ಅವಮಾನದಂತೆ ಕಂಡಿರಬೇಕು.

"ಏಮಪ್ಪ ಹಿಂಗ್ ಕೇಳ್ತೀಯ? ಮನೆಗೆ ಬಂದೋರಿಗೆ ಮೋರಿ ಪಕ್ಕದ ಬಾವಿ ನೀರು ಕೊಡ್ತಾರಾ? ನೀನು ಸಂಕೋಚಕ್ಕೆ ಬಾವಿ ನೀರು ಸಾಕು ಅಂತಿದ್ದೆ. ಅದನ್ನ ಹಿಡಕೊಂಡು ಅದೇ ಕೊಟ್ರೆ ನಾವು ಮನುಷ್ಯರಾ? ಒಂದು ದಿನಾನೂ ಕ್ಯಾನ್ ನೀರು ಬಿಟ್ಟು ಬೇರೆ ಕೊಟ್ಟಿಲ್ಲ ನಿಂಗೆ."

ನಮ್ಮ ಕಡೆ ಇದು ಎಲ್ಲ ಮನೆಯ ನಡತೆ. ಅರ್ಧ ಲೋಟ ಸಾಕು ಎಂದವರಿಗೆ ತುಂಬ ಲೋಟ ಕೊಡುತ್ತಾರೆ. ಬರೀ ಅನ್ನ ಸಾಕು ಎಂದವರಿಗೆ ಒಲೆ ಹಚ್ಚುತ್ತಾರೆ. ನನ್ನ ತಾಯಿಯೂ ಹಾಗೇ ಮಾಡುತ್ತಿದ್ದರು. ಇದನ್ನೆಲ್ಲ ಬಲ್ಲ ನಾನು ಸೀಸೆ ಹಿಡಿದು ಹೋದ ಕೂಡಲೇ ನೆಂಟನಲ್ಲ, ಪರೀಕ್ಷಕ ಎಂದು ತಿಳಿದುಕೊಂಡಿದ್ದೆ. ಅಜ್ಜಿಯ ಪಾಲಿಗೆ ನಾನು ಮನೆಗೆ ಬಂದವನು, ಅಷ್ಟೇ.

ಮೊದಲ ವಾರ ನಾನೇ ಸೇದಿದ್ದೆನಲ್ಲ ಎಂದು ಗೆಳೆಯರಿಗೆ ಹೇಳಿದೆ. ನನ್ನ ಧ್ವನಿ ಏರಿತ್ತು. ಅವರು ಮನೆಯ ಪಕ್ಕದ ಓಣಿಯನ್ನು ತೋರಿಸಿದರು. ಆ ಓಣಿಯ ತುಂಬ ಹಿಪ್ಪುನೇರಳೆ ಕಡ್ಡಿಯ ಒಟ್ಟಲು. ನೀರು ಕಾಯಿಸಲು ಕೂಡಿಟ್ಟದ್ದು, ನಾವು ಬರುವುದಕ್ಕೆ ಮೊದಲಿನಿಂದಲೂ ಅಲ್ಲೇ ಇತ್ತು, ಹಿತ್ತಿಲಿಗೆ ಬೇರೆ ದಾರಿಯಿಲ್ಲ, ಅಡುಗೆಮನೆ ದಾಟಿಯೇ ಹೋಗಬೇಕು, ನಾವಿಬ್ಬರೂ ಒಂದು ದಿನವೂ ದಾಟಿಲ್ಲ ಎಂದರು. ಅಜ್ಜಿಯ ಅನುಮತಿ ಕೇಳಿ ಚಪ್ಪಲಿ ಬಿಟ್ಟು ಅಡುಗೆಮನೆ ದಾಟಿದೆವು. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ, ಅದರೊಳಗಿಂದ ಮೋಟಾರಿನ ಪೈಪು, ಗೋಡೆಯ ಮೇಲೆ ಒಂದು ಸ್ವಿಚ್ಚು, ತೊಟ್ಟಿಯ ಮೇಲೆ ನಲ್ಲಿ. ರಾಟೆ ಇಲ್ಲ, ರಾಟೆ ಇದ್ದ ಗುರುತಿಗೆ ಕಂಬವೂ ಇಲ್ಲ. ಚಿಂತಾಮಣಿಯಲ್ಲಿ ನನ್ನ ಅಜ್ಜಿಯ ಮನೆಯಲ್ಲಿ ಒಂದು ರಾಟೆಯ ಬಾವಿ ಇತ್ತು. ಆ ಹಗ್ಗ, ಆ ಒದ್ದೆ ಚಪ್ಪಲಿ ಅಲ್ಲಿಯದಿರಬೇಕು. ಅದನ್ನು ನಾನು ಯಾವಾಗ ತಂದು ಇಲ್ಲಿ ಕೂರಿಸಿದೆನೋ ಗೊತ್ತಿಲ್ಲ.

ನಲ್ಲಿ ತಿರುಗಿಸಿ ಎರಡು ಸೀಸೆ ತುಂಬಿದೆ. ನೀರು ಕಣ್ಣಿಗೆ ಚೆನ್ನಾಗಿತ್ತು, ತಣ್ಣಗಿತ್ತು, ಮೂಗಿನ ಹತ್ತಿರ ಹಿಡಿದರೂ ಏನೂ ಇಲ್ಲ. ಅಡುಗೆಮನೆಯಲ್ಲಿ ಆ ನೀರಿನದೇ ಒಂದು ಕೊಡ, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಮಗಳ ಲೋಟ. ಆ ಕೊಡದ ನೀರು ಸದ್ಯಕ್ಕೆ ಕುಡಿಯೋದು ಬೇಡ ಎಂದು ಅಜ್ಜಿಗೆ ಹೇಳಿದೆ. ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಊಟ ಸೇರ್ತಿಲ್ಲ, ಎರಡು ದಿನದಿಂದ ಮೈ ಬೆಚ್ಚಗೈತೆ, ಬಸುರಿಗೆ ಇದೆಲ್ಲ ಇದ್ದದ್ದೇ ಎಂದರು ಅಜ್ಜಿ.

ಎಬ್ಬಿಸಿ ನೋಡಬೇಕಾಗಿತ್ತು. ಸೀಸೆ ಕಪ್ಪಾಗಲಿ, ಆಮೇಲೆ ಖಚಿತವಾಗಿ ಹೇಳೋಣ ಎಂದುಕೊಂಡು ಮನೆಗೆ ಬಂದೆ. ಆ ಒಂದು ದಿನ ಕಳೆದುಕೊಂಡದ್ದಕ್ಕೆ ನೆನಪನ್ನು ದೂರುವಂತಿಲ್ಲ. ಅದು ನಾನು ಕಲಿತ ವಿದ್ಯೆ ಮಾಡಿಸಿದ್ದು.

ಸೋಮವಾರ ಕಾಲೇಜಿಗೆ ಹೋಗಲಿಲ್ಲ. ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮೊದಲು ತಳದಲ್ಲಿ ಒಂದು ಚೂರು ಮಬ್ಬು ಕಂಡಿತು. ಹೊರಗೆ ತರಕಾರಿ ಗಾಡಿಯವನು ಕೂಗಿ ಹೋದ. ಮತ್ತೆ ನೋಡಿದಾಗ ಮಬ್ಬು ಮೇಲಕ್ಕೆ ಏರುತ್ತಿತ್ತು. ಹತ್ತು ಗಂಟೆಯೊಳಗೆ ಎರಡೂ ಸೀಸೆ, ಕಾಲುವೆಯ ಸೀಸೆಗಳ ಪಕ್ಕದಲ್ಲಿ, ಅವುಗಳಷ್ಟೇ ಕಪ್ಪಾಗಿದ್ದವು. ಯಾವುದು ಬಾವಿ, ಯಾವುದು ಮೋರಿ ಎಂದು ಚೀಟಿ ಓದದೆ ಹೇಳಲಾಗುತ್ತಿರಲಿಲ್ಲ.

ಒಂದನ್ನು ಜೇಬಿಗೆ ಹಾಕಿಕೊಂಡು ಶೆಡ್ಡಿಗೆ ಹೋದೆ. ಗೆಳೆಯರು ಅದನ್ನು ನೋಡಿ, ಚರಕ ನಿಲ್ಲಿಸಿ, ಹುಡುಗಿಯ ತಾಯಿ ಆಯಮ್ಮನನ್ನು ಕರೆದುಕೊಂಡು ಹೊರಟರು. ದಾರಿಯಲ್ಲಿ ನಾನು ಎಲ್ಲವನ್ನೂ ಹೇಳಿದೆ: ಚೊಂಬಿನ ನೀರು, ಕ್ಯಾನು, ಅತ್ತೆಯ ಮರ್ಯಾದೆ. ಆಯಮ್ಮ ಹೆಜ್ಜೆ ಜೋರು ಮಾಡಿದರು. ಮನೆಯ ಮುಂದೆ ಬಿಸಿಲಿತ್ತು. ಮಗಳನ್ನು ಜಗಲಿಗೆ ಕರೆತಂದು ಕೂರಿಸಿ, ಅಜ್ಜಿ ಬೇಡವೆಂದರೂ ಒದ್ದೆ ಬಟ್ಟೆಯಿಂದ ಅವಳ ಮುಖದ ಅರಿಶಿನವನ್ನು ಒರೆಸಿದರು. ಅರಿಶಿನ ಬಟ್ಟೆಗೆ ಬಂತು. ಹಳದಿ ಮುಖದಲ್ಲೇ ಉಳಿಯಿತು. ಕಣ್ಣಿನ ಬಿಳಿ ಹಣ್ಣಾದ ನಿಂಬೆಯ ಬಣ್ಣಕ್ಕೆ ತಿರುಗಿತ್ತು.

"ನಾನೂ ಕನ್ನಡೀಲಿ ನೋಡ್ಕೊಂಡೆ," ಎಂದಳು ಮಗಳು. "ಅರಿಶಿನ ಕಣ್ಣಿಗೆ ಹೋಗಿರತ್ತೆ ಅನ್ಕೊಂಡೆ."

ಬಸುರಿಗೆ ಈ ಕಾಮಾಲೆ ಬಂದರೆ ಏನಾಗಬಹುದು ಎಂದು ನಾನು ಓದಿದ್ದೆ. ಅದನ್ನು ಅಲ್ಲಿ ಹೇಳಲಿಲ್ಲ. ತಕ್ಷಣ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಬೇಕು ಎಂದಷ್ಟೇ ಹೇಳಿದೆ. ಅಜ್ಜಿ ಒಪ್ಪಲಿಲ್ಲ. ಕಾಮಾಲೆಗೆ ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ಚಿಂತಾಮಣಿ ಕಡೆ ಸೊಪ್ಪಿನ ರಸ ಕೊಡುವವರಿದ್ದಾರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೂರು ದಿನ ಕುಡಿದರೆ ಇಳಿಯುತ್ತದೆ, ತನ್ನ ಮೈದುನನಿಗೂ ಇಳಿದಿತ್ತು ಎಂದರು. ಮೂರು ದಿನ ಕಾಯುವ ಹಾಗಿಲ್ಲ ಎಂದು ನಾನು. ತಾಯಿ ನಮ್ಮಿಬ್ಬರ ನಡುವೆ ನಿಂತಿದ್ದರು, ಅರಿಶಿನದ ಬಟ್ಟೆ ಇನ್ನೂ ಕೈಯಲ್ಲಿತ್ತು. ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವರಿಗೆ.

"ಅವತ್ತು ಒಳ್ಳೇದು ಅಂದ್ರಿ. ಇವತ್ತು ಕೆಟ್ಟದ್ದು ಅಂತೀರ. ಎರಡೂ ನೀವೇ. ನಾನು ಯಾವುದನ್ನ ನಂಬಲಿ ಸಾರ್?"

"ಇವತ್ತಿಂದನ್ನ ನಂಬಿ," ಎಂದೆ. "ಅವತ್ತು ನಾನು ನಿಮ್ಮ ಬಾವಿ ನೀರು ನೋಡೇ ಇರ್ಲಿಲ್ಲ. ನೋಡಿದೀನಿ ಅಂತ ಅನ್ಕೊಂಡಿದ್ದೆ."

ಸೀಸೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದರು. ಮಗಳು ಅದನ್ನು ಅವರ ಕೈಯಿಂದ ತೆಗೆದುಕೊಂಡು, ಹೀಗೆ ಹಾಗೆ ತಿರುಗಿಸಿ ನೋಡಿ, ಪಕ್ಕದಲ್ಲಿ ಇಟ್ಟಳು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅಮ್ಮ, ಆಸ್ಪತ್ರೆಗೇ ಹೋಗಣ ಎಂದಳು. ಅಜ್ಜಿ ಒಳಗೆ ಹೋಗಿ ಅವಳ ಸೀರೆಗಳನ್ನು ಚೀಲಕ್ಕೆ ತುಂಬಿದರು.

ಗೆಳೆಯರು ಗೂಡು ತರುವ ತಮ್ಮ ವ್ಯಾನನ್ನೇ ತಂದರು. ಹಿಂದಿನ ಸೀಟಿಗೆ ಹಾಸಿಗೆ ಹಾಕಿ ಮಗಳನ್ನು ಮಲಗಿಸಿ, ತಾಯಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅಳಿಯನಿಗೆ ಫೋನು ಮಾಡಿದ್ದು ನಾನು. ಅವನು ಗೌರಿಬಿದನೂರಿನಿಂದ ನೇರವಾಗಿ ಆಸ್ಪತ್ರೆಗೆ ಬರುತ್ತೇನೆಂದ. ಏನಾಯ್ತು ಎಂದು ಎರಡು ಸಲ ಕೇಳಿದ. ಎರಡು ಸಲವೂ ನೀರು ಎಂದೆ.

ದಾರಿಯುದ್ದಕ್ಕೂ ಗೆಳೆಯರು ಉಬ್ಬು ಬಂದಾಗಲೆಲ್ಲ ವ್ಯಾನನ್ನು ನಿಲ್ಲಿಸಿದ ಹಾಗೆ ಮಾಡಿ ದಾಟಿಸುತ್ತಿದ್ದರು. ಅವಳು ಒಂದು ಸಲ ಬಾಯಾರಿಕೆ ಎಂದಾಗ ತಾಯಿ ಚೀಲಕ್ಕೆ ಕೈ ಹಾಕಿ, ಹಾಗೇ ನಿಲ್ಲಿಸಿದರು. ಮನೆಯಿಂದ ತುಂಬಿಸಿ ತಂದ ಬಾಟಲಿ ಅದು. ಕಿಟಕಿಯಿಂದ ಹೊರಕ್ಕೆ ಅದನ್ನು ಸುರಿದುಬಿಟ್ಟರು. ಮುಂದಿನ ಅಂಗಡಿಯಲ್ಲಿ ನಾನು ಇಳಿದು ಬೇರೆ ತಂದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ಹೋದ ಮೇಲೆ ಡಾಕ್ಟರು ಹೊರಗೆ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ಬೆಳಗಿನಿಂದ ಕೂರದವರಂತೆ ಕಾಣುತ್ತಿದ್ದರು. ಯಾವ ನೀರು ಕುಡಿಯುತ್ತಿದ್ದಳು ಎಂದು ಕೇಳಿದರು. ತಾಯಿ ನನ್ನನ್ನು ತೋರಿಸಿದರು. ನಾನು ಹೇಳಿದೆ.

"ಬಾವಿ ಎಷ್ಟು ದಿನದಿಂದ ಹೀಗಿದೆ?"

"ಗೊತ್ತಿಲ್ಲ."

"ವಾರವಾರ ಟೆಸ್ಟ್ ಮಾಡ್ತಿದ್ವಿ ಅಂದ್ರಲ್ಲ?"

ನೋಟ್‌ಬುಕ್ಕು ಚೀಲದಲ್ಲೇ ಇತ್ತು. ತೆಗೆದು ತೋರಿಸಿದರೆ ಅದರಲ್ಲಿ ಪ್ರತಿ ವಾರವೂ ತಿಳಿ, ತಿಳಿ, ತಿಳಿ ಎಂದು ಗೆಳೆಯರ ದುಂಡನೆಯ ಅಕ್ಷರದಲ್ಲಿ ಬರೆದಿರುತ್ತಿತ್ತು. ಟೆಸ್ಟ್ ಮಾಡಿದ್ದು ಬೇರೆ ನೀರು ಎಂದೆ. ಡಾಕ್ಟರು ನನ್ನನ್ನು ಒಂದು ಕ್ಷಣ ನೋಡಿ, ನೀವು ಏನು ಕೆಲಸ ಮಾಡೋದು ಎಂದು ಕೇಳಿದರು. ಲೆಕ್ಚರರ್ ಎಂದೆ. ಅವರು ಕಾಗದದಲ್ಲಿ ಏನೋ ಬರೆದುಕೊಂಡು ಒಳಗೆ ಹೋದರು.

ಹದಿನೆಂಟು ದಿನ ಅವಳು ಅಲ್ಲೇ ಇದ್ದಳು. ಮೊದಲ ವಾರ ಡಾಕ್ಟರು ಯಾವ ಭರವಸೆಯನ್ನೂ ಕೊಡಲಿಲ್ಲ. ತಾಯಿ ಮತ್ತು ಮಗು ಇಬ್ಬರನ್ನೂ ನೋಡಬೇಕು, ನಿದ್ದೆ ಹೆಚ್ಚಾದರೆ, ಮಾತು ತೊದಲಿದರೆ ತಕ್ಷಣ ಹೇಳಿ ಎಂದಿದ್ದರು. ಅದರಿಂದಾಗಿ ಆಯಮ್ಮ ಅವಳನ್ನು ಮಲಗಲೇ ಬಿಡುತ್ತಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಕೂತು ಅಕ್ಕಪಕ್ಕದ ಮನೆಯವರ ಹೆಸರು ಒಂದೊಂದೇ ಕೇಳಿ ಅವಳಿಂದ ಹೇಳಿಸುತ್ತಿದ್ದರು. ನಾನು ಪ್ರತಿ ಸಂಜೆ ಕಾಲೇಜು ಮುಗಿಸಿ ಹೋಗಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಒಳಗಿನಿಂದ ಆ ಹೆಸರುಗಳು ಕೇಳಿಸುತ್ತಿದ್ದವು. ಎಂಟನೆಯ ದಿನ ಅವಳು ಒಂದು ಹೆಸರಿಗೆ ತಡವರಿಸಿದಳು. ತಾಯಿ ಎದ್ದು ಓಡಿ ಬಂದರು. ನರ್ಸು ಹೋಗಿ ನೋಡಿ, ಏನಿಲ್ಲಮ್ಮ, ನಿಮ್ಮ ಕಾಟಕ್ಕೆ ಸಾಕಾಗಿದೆ ಅವಳಿಗೆ ಎಂದರು. ಆಯಮ್ಮ ನಗಲಿಲ್ಲ.

ಮಗು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಬಹಳ ಚಿಕ್ಕದು, ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟಿದ್ದರು. ಉಳಿಯಿತು. ತಾಯಿಯೂ ಉಳಿದಳು. ಈಗ ಇಬ್ಬರೂ ಗೌರಿಬಿದನೂರಿನಲ್ಲಿದ್ದಾರೆ. ಬಾಣಂತನವನ್ನು ಅತ್ತೆಯ ಮನೆಯವರೇ ಮಾಡಿಕೊಂಡರು. ಶಿಡ್ಲಘಟ್ಟಕ್ಕೆ ಕಳಿಸಲು ಅಳಿಯ ಒಪ್ಪಲಿಲ್ಲ. ಆಯಮ್ಮ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತಾರೆ. ಬಾವಿಯ ಮೋಟಾರನ್ನು ಬಿಚ್ಚಿಸಿದ್ದಾರೆ. ಕಾಲುವೆ ಹಾಗೇ ಹರಿಯುತ್ತಿದೆ. ಕೆಳಗಿನ ಬೀದಿಯಲ್ಲಿ ಇನ್ನೆರಡು ಬಾವಿಗಳಿವೆ. ಅವುಗಳ ನೀರನ್ನು ನಾವು ಈಗ ನಮ್ಮ ಕೈಯಿಂದಲೇ ತುಂಬುತ್ತೇವೆ, ಒಂದು ಕಪ್ಪಾಗಿದೆ, ಇನ್ನೊಂದು ಸದ್ಯಕ್ಕೆ ಆಗಿಲ್ಲ. ಆ ಇನ್ನೊಂದು ಬಾವಿಯ ಮನೆಯವರು ನೀರು ಒಳ್ಳೆಯದೇ ಎಂದು ಕೇಳಿದರೆ ನನ್ನ ಬಾಯಿಂದ ಆ ಮಾತು ಹೊರಡುವುದಿಲ್ಲ.

ಮಗಳನ್ನು ವಾರ್ಡಿನಿಂದ ಬಿಟ್ಟ ದಿನ ನಡೆದದ್ದೊಂದು ಹೇಳಲು ಉಳಿದಿದೆ. ಹೊರಗಿನ ಮೆಟ್ಟಿಲ ಬಳಿ ಆಯಮ್ಮ ನನ್ನ ಹತ್ತಿರ ಬಂದು, ನೀವೂ ಗೊತ್ತಿಲ್ದೆ ಮಾಡಿದ್ದು, ಬಿಡಿ ಸಾರ್ ಎಂದರು. ಸುಕ್ಕಾದ ಆ ಬೆರಳುಗಳನ್ನು ನನ್ನ ತೋಳಿನ ಮೇಲೆ ಒಂದು ಗಳಿಗೆ ಇಟ್ಟಿದ್ದರು. ಹಲವು ತಿಂಗಳು ಇದನ್ನು ನೆನೆದು ಸಮಾಧಾನ ಪಟ್ಟುಕೊಂಡಿದ್ದೆ. ಹೋದ ವಾರ ಮಾತಿನ ನಡುವೆ ಗೆಳೆಯರಿಗೆ ಹೇಳಿದೆ. ಅವರು ಅವತ್ತು ನನ್ನ ಪಕ್ಕದಲ್ಲೇ, ವ್ಯಾನಿನ ಬಾಗಿಲು ಹಿಡಿದು ನಿಂತಿದ್ದವರು.

"ಆಯಮ್ಮ ಏನೂ ಅನ್ಲಿಲ್ಲ ಮೇಷ್ಟ್ರೆ," ಎಂದರು. "ನಿಮ್ಮ ಕಡೆ ನೋಡ್ದೇನೇ ಹತ್ತಿ ಕೂತ್ರು."

ಆಯಮ್ಮ ಈಗಲೂ ಶೆಡ್ಡಿನಲ್ಲೇ ಕೆಲಸ ಮಾಡುತ್ತಾರೆ. ಹೋಗಿ ಕೇಳಿದರೆ ಒಂದು ನಿಮಿಷದ ಕೆಲಸ. ಭಾನುವಾರ ಬಾಗಿಲವರೆಗೆ ಹೋಗಿದ್ದೆ. ಹಬೆಯಲ್ಲಿ ಅವರು ಬಗ್ಗಿ ಎಳೆ ಹಿಡಿಯುತ್ತಿದ್ದರು. ಕೇಳದೆ ಬಂದೆ.